ಪಂಚನಾಮೆಯಲ್ಲಿ ಬರೆಯದೆ ಬಿಟ್ಟದ್ದು

ಮಾಜಾಳಿ ಗೇಟು. ರಾತ್ರಿ ಎರಡೂ ಹತ್ತು.
ಗೋವಾ ಕಡೆಯ ಪಿಕಪ್ಪು
ದೀಪ ಆರಿಸಿಕೊಂಡೇ ಬಂತು.
ನಿಲ್ಲೆಂದು ಕೈ ಅಡ್ಡ ಹಿಡಿದವ
ಹೆಡ್ ಕಾನ್‌ಸ್ಟೇಬಲ್ ಪುರ್ಸು ಹರಿಕಂತ್ರ.

ನಾನು ಠಾಣೆಯ ರೈಟರ್. ಬರೆದೆ:
ಲಾಠಿ ಒಂದು, ಮುರಿದದ್ದು.
ಸೀಟಿ ಒಂದು, ದಾರ ಸಮೇತ.
ಎಡಗಾಲಿನ ಬೂಟು, ಆರು ಮಾರು ಆಚೆ.
ಟಾರ್ಚು, ಚರಂಡಿಯಲ್ಲಿ;
ಬೆಳಗಾಗುವ ತನಕ ಉರಿಯುತ್ತಲೇ ಇತ್ತು.
ಈ ಕೊನೆಯ ಸಾಲನ್ನು ಸಾಹೇಬರು ಹೊಡೆದುಹಾಕಿದರು.

ಬರೆಯದೆ ಬಿಟ್ಟದ್ದು:
ಆ ರಾತ್ರಿ ಗೇಟಿಗೆ ಹೋಗಬೇಕಾದವ ನಾನು.
ಹಲ್ಲುನೋವೆಂದೆ. 'ಮಲಗು ಮಾರಾಯ' ಎಂದು
ನನ್ನ ರೇನ್‌ಕೋಟನ್ನೇ ಹಾಕಿಕೊಂಡು ಹೋದ.

ಇನ್ನೊಂದು:
ಅವನ ಅಪ್ಪನನ್ನು ದೋಣಿ ಸಮೇತ ನುಂಗಿದ ಸಮುದ್ರಕ್ಕೆ
ಮಗನನ್ನೂ ಕೊಡೆನೆಂದು
ಆಯಿ ಬಲೆ ಮಾರಿ ಓದಿಸಿದ್ದಳು.
ಖಾಕಿ ತೊಟ್ಟ ದಿನ ಕೇರಿಗೆಲ್ಲ ಹೇಳಿದ್ದಳು:
'ನನ್ನ ಪೋರನ ಕೆಲಸ ಇನ್ನು ಗಟ್ಟಿ ನೆಲದ ಮೇಲೆ.'

ಈಗ ದೊಡ್ಡಾಸ್ಪತ್ರೆಯ ಹಿಂಬಾಗಿಲಲ್ಲಿ
ಮಾರದ ಬಂಗಡೆ ಬುಟ್ಟಿ ಬದಿಗಿಟ್ಟು ಕೂತಿದ್ದಾಳೆ.
ಅಳುವುದಿಲ್ಲ. ನನ್ನನ್ನು ಕೇಳುತ್ತಾಳೆ,
ದಂಡೆಯಲ್ಲಿ ಕಾದವರು ಕೇಳುವ ಹಾಗೆ:
'ರಾತ್ರಿ ಗಾಳಿ ಜೋರಿತ್ತಾ?'

ಇಲ್ಲ ಆಯಿ.
ಒಂದು ಎಲೆಯೂ ಅಲುಗಿರಲಿಲ್ಲ.