ಎರಡು ನಿಮಿಷದ ಕಿವಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು. ಹರಾಜಿನ ಗಂಟೆಗೆ
ಇನ್ನೆರಡೇ ನಿಮಿಷ.
ಜಾಲರಿಯ ಅಂಚಿಗೆ ಕೂತ ಅಮೀರ್‌ಜಾನ್
ಫೋಟೋಕ್ಕೆಂಬಂತೆ ಗದ್ದ ಎತ್ತಿದ, ಉಸಿರು ಹಿಡಿದ.
"ಬಿಡಿಸಿ ಮೇಷ್ಟ್ರೇ, ಮೀಸೆ ಮಾತ್ರ ಕರ್ರಗಿರ್ಲಿ."

ಊರಿಗೆಲ್ಲ ಗೊತ್ತು ಈ ರೀಲರಿನ ನಾಲಿಗೆ:
ಕಿಲೋಗೆ ಎರಡು ರೂಪಾಯಿ ಇಳಿಸಲು
ಎದುರಿದ್ದವನ ಏಳು ತಲೆಮಾರು ಎಳೆದು ತರುವವನು.
ಬಾಯಿಂದಲೇ ಶುರುಮಾಡೋಣ ಅಂದುಕೊಂಡೆ.

ಆದರೆ ಎಷ್ಟು ಹೊತ್ತು ಬಿಗಿದು ಕೂತಾನು?
ಕೈ ತಾನಾಗಿ ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲುಗಿಸಿತು.
ಒಳಗೆ ಟಕ್ಕೆಂದಿತೋ ಇಲ್ಲವೋ,
ಕಣ್ಣು ಅರ್ಧ ಮುಚ್ಚಿ, ಕುತ್ತಿಗೆ ವಾಲಿ,
ಮೀಸೆಯನ್ನೂ ನನ್ನನ್ನೂ ಮರೆತ.

ಪೆನ್ಸಿಲು ಅತ್ತಲೇ ಓಡಿತು. ತಡೆಯಲಿಲ್ಲ.
ಕಿವಿಯ ಸುರುಳಿ, ಸುರುಳಿಯೊಳಗಿನ ನೆರಳು,
ಕೂಡಿಕೊಂಡ ಹುಬ್ಬು.
ನಾಳೆ ಕುದಿನೀರಿಗಿಳಿಯುವ ಹುಳುವಿನ ಮಾತಿಗೆ
ಇಷ್ಟು ಮರ್ಯಾದೆ ಕೊಡುತ್ತಾನೆ ಈತ,
ಗೀರಿದ ಮೇಲಷ್ಟೇ ಹೊಳೆಯಿತು.
ನಾನು ಹತ್ತು ವರ್ಷ ಇವನ ಪಕ್ಕದಲ್ಲೇ ಟೀ ಕುಡಿದವನು.

ಗಂಟೆ.
ಹಾಳೆ ಕಿತ್ತುಕೊಂಡು ನೋಡಿದ.
"ಬಾಯೇ ಇಲ್ವಲ್ರೀ!"
"ಟೈಮು ಸಾಲ್ಲಿಲ್ಲ."
"ಮನೇಲಿ ತೋರಿಸ್ತೀನಿ. ನಂಬಲ್ಲ ಅವಳು."
ನಗುತ್ತ ಜೇಬಿಗಿಟ್ಟು, ಜಾಲರಿಗಳ ನಡುವೆ
ಬೈಯುತ್ತಲೇ ನುಗ್ಗಿದ.

ನನ್ನ ಪುಸ್ತಕದ ಮುಂದಿನ ಹಾಳೆ ಖಾಲಿ.
ಓರೆ ಬಿಸಿಲಿಗೆ ಹಿಡಿದರೆ
ಸೀಸದ ಒತ್ತು ಇಳಿದದ್ದು ಒಂದೇ ಕಡೆ.
ಮೀಸೆಯಿಲ್ಲ, ಗದ್ದವಿಲ್ಲ.
ಆಚೆ ಅವನ ದನಿ ದರ ಕೂಗುತ್ತಿತ್ತು,
ಬೆರಳಾಡಿಸಿದೆ,
ಸಿಕ್ಕಿತು ಕಿವಿ.