ಹದಿನಾಲ್ಕನೆಯ ಪ್ರಶ್ನೆ

ನಿವೃತ್ತಿಗೆ ಮೂರು ದಿನ. ಟ್ರಾಬ್ಜೋನಿನ ಕೋಣೆಯಲ್ಲಿ
ಪ್ರೊಫೆಸರ್ ಫೆರಿದೆ ಹಳೆಯ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಾಳೆ:
ಹೇಝಲ್‌ನಟ್ ತೋಟಗಳಿಂದ ತಂದ
ಇನ್ನೂರ ಹನ್ನೆರಡು ನಮೂನೆ.
ಇವುಗಳ ಮೇಲೇ ನಿಂತಿದೆ
ಅವಳ ಮೊದಲ ಪ್ರಬಂಧ, ಬಡ್ತಿ,
ಯಾವುದೋ ಚಾಕೊಲೇಟಿನ ಹೊದಿಕೆಯ ಹಸಿರು ಎಲೆ.

ಹದಿನಾಲ್ಕು: ಮಕ್ಕಳು ದುಡಿಯುತ್ತಾರೆಯೇ?
ಇಲ್ಲ. ಇಲ್ಲ. ಇಲ್ಲ.

ಒಂದು ‘ಇಲ್ಲ’ದ ಬಳಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಾಳೆ.
ದುಂಡು ಅಕ್ಷರ, ಕಾಪಿ ತಿದ್ದಿದ ಹಾಗೆ,
ಗೆರೆ ದಾಟದಂತೆ ಉಸಿರು ಬಿಗಿಹಿಡಿದು ಬರೆದದ್ದು.

ಓರ್ದುವಿನ ಇಳಿಜಾರು, ಆಗಸ್ಟಿನ ಮಂಜು.
ಓದು ಬಾರದ ತಾಯಿ, ಪಕ್ಕದಲ್ಲಿ ಬೆರ್ಫಿನ್:
ಪ್ರಶ್ನೆಯನ್ನು ಟರ್ಕಿಷಿನಲ್ಲಿ ಓದಿ, ಕುರ್ದಿಷಿನಲ್ಲಿ ಕೇಳಿ,
ಸಿಪ್ಪೆಯ ಕರೆ ಹಿಡಿದ ಬೆರಳಲ್ಲಿ
ಉತ್ತರ ತುಂಬಿಕೊಟ್ಟವಳು.
ಜಾಣೆ, ಪೆನ್ನು ನೀನೇ ಇಟ್ಟುಕೋ
ಎಂದಿದ್ದಳು ಫೆರಿದೆ.

ಬರೆದವರ ವಯಸ್ಸಿಗೆ
ನಮೂನೆಯಲ್ಲಿ ಜಾಗವೇ ಇರಲಿಲ್ಲ.
ಕೆಲಸಕ್ಕುಂಟು, ಲೆಕ್ಕಕ್ಕಿಲ್ಲ.

ಕೆಳಗೆ ಬೀಳ್ಕೊಡುಗೆಗೆ ಕುರ್ಚಿ ಎಳೆಯುವ ಸದ್ದು.
ಮೇಜಿನ ಮೇಲೆ ಅವಳದೇ ಅಚ್ಚಾದ ಕೋಷ್ಟಕ,
ಕೊನೆಯ ಸಾಲಿನಲ್ಲಿ ಸೊನ್ನೆ.
ಅದರ ಎಡಕ್ಕೆ ಒಂದು ಬರೆದರೆ ಹತ್ತು,
ಬಲಕ್ಕೆ ಬರೆದರೆ ಒಂದೇ.
ಪೆನ್ಸಿಲು ಹಿಡಿದೇ ಕೂತಿದ್ದಾಳೆ.