ಏಳನೆಯ ಮನೆ

ಚೌಬಾರಾದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ
ಇಪ್ಪತ್ತು ರೂಪಾಯಿಗೊಂದು ಹಾಳೆ.
ದಸ್ತಗೀರ್ ಮಾಸ್ತರು ಕೈಯಿಂದ ಬರೆದ ನಕ್ಷೆ,
ಒಂಬತ್ತು ಒಗಟು, ತಳದಲ್ಲಿ ಒಂಬತ್ತು ಖಾಲಿ ಮನೆ,
ಮನೆಗೊಂದು ಅಕ್ಷರ.
‘ಜೊತೆಗೆ ಗೈಡು ಬೇಡ, ಕಾಲಿದ್ದರೆ ಸಾಕು’
ಎಂದು ಹಣೆಯ ಮೇಲೆ ಕೆಂಪು ಶಾಯಿ.

ಕೊಂಡದ್ದು ನನ್ನ ಮಗಳು ತ್ರಿವೇಣಿ.
ನಾನು ನಕ್ಕೆ.
ಇಪ್ಪತ್ತೆರಡು ವರ್ಷ ಬೀದರಿನ ಈ ಓಣಿಗಳ
ಕರೆಂಟು ಮೀಟರು ಓದಿದವನು.
ಯಾವ ಬಾಗಿಲ ಹಿಂದೆ ಯಾವ ನಾಯಿ,
ಯಾರ ಮನೆಯ ಫ್ಯೂಜು ಯಾವ ಹಬ್ಬಕ್ಕೆ ಹಾರುತ್ತದೆ,
ಕಣ್ಣು ಕಟ್ಟಿ ಬಿಟ್ಟರೂ ಹೇಳಿಯೇನು.

ಮೊದಲನೆಯದಕ್ಕೇ ಸೋತೆ.
‘ಮದರಸಾಕ್ಕೆ ಉಳಿದದ್ದು ಒಂದೇ ಮಿನಾರು.
ಇನ್ನೊಂದರ ನೆರಳಲ್ಲಿ ಯಾರು ಮಲಗುತ್ತಾರೆ?’
ಇಲ್ಲದ ಮಿನಾರಿಗೆ ಎಲ್ಲಿಯ ನೆರಳೆಂದು
ಬಿಸಿಲಲ್ಲಿ ನಿಂತು ನಾನು ವಾದ ಹೂಡುವಷ್ಟರಲ್ಲಿ
ಅವಳು ಮುರಿದ ಬದಿಗೆ ಸುತ್ತು ಹಾಕಿ ಬಂದು
‘ಹಮಾಲ’ ಎಂದಳು.
ಗೋಣಿತಟ್ಟು ಹೊದ್ದು ಒಬ್ಬ ಮಲಗಿದ್ದನಂತೆ,
ತಲೆಗೆ ಕೈಯೇ ದಿಂಬು.
ಮೊದಲ ಮನೆಗೆ ‘ಹ’ ಬಂತು.

ಬಿದ್ರಿ ಅಂಗಡಿಯ ಕಪ್ಪು ಹೂಜಿಯ ಮೇಲೆ
ಬೆಳ್ಳಿ ಎಸಳು ಎಣಿಸುತ್ತ ಎರಡು ಸಲ ತಪ್ಪಿದೆವು;
ಕೆತ್ತುವವನು ತಲೆ ಎತ್ತದೆಯೇ ಸುತ್ತಿಗೆ ನಿಲ್ಲಿಸಿ
ಹೂಜಿಯನ್ನು ನಮ್ಮ ಕಡೆ ತಿರುಗಿಸಿಟ್ಟ.
ತಾಲೀಮಿನ ಹೊಸ್ತಿಲು, ಕಮಾನಿನ ಗಿಣಿ,
ಎಲ್ಲದಕ್ಕೂ ಕತ್ತೆತ್ತಬೇಕು. ನನ್ನ ಕತ್ತು
ಅದಕ್ಕೆ ಒಗ್ಗಿದ್ದಲ್ಲ.
ಆರು ಮನೆ ತುಂಬಿತು: ಹಳೆಯ ಓಣಿಯ.
ತ್ರಿವೇಣಿ ಮುಂದೆ ಓಡಿ ಎಂಟು, ಒಂಬತ್ತನ್ನೂ ಮುಗಿಸಿ ಬಂದಳು:
‘ಳ’, ‘ಕು’.

ಉಳಿದದ್ದು ಏಳು.
‘ಹಸಿರು ಬಾಗಿಲ ಮನೆಗೆ ಬೀದಿ ನೋಡುವ ಕಿಟಕಿ ಎಷ್ಟು?
ಮೂರಾದರೆ ಕೊ, ನಾಲ್ಕಾದರೆ ತ, ಐದಾದರೆ ಬೆ.’

ಆ ಮನೆಯೇ ಇಲ್ಲ.
ಮರಳಿನ ಗುಡ್ಡೆ, ಕಂಬಿಯ ಕಟ್ಟು, ನೀರಿನ ಡ್ರಮ್ಮು.
ಬಾಗಿಲ ಪಕ್ಕದ ಮೀಟರು ಕಳಚಿ
ಆಫೀಸಿಗೆ ಒಪ್ಪಿಸಿದ್ದು ನಾನೇ, ಹೋದ ದೀಪಾವಳಿಗೆ.
ಕೊನೆಯ ರೀಡಿಂಗು ಇನ್ನೂ ಬಾಯಲ್ಲಿದೆ,
ನಾಲ್ಕು ಸಾವಿರದ ನೂರಾ ಹದಿನೇಳು.
ಕಿಟಕಿ?
‘ಅಪ್ಪಾ, ನೀ ತಿಂಗಳಾ ಬರ್ತಿದ್ದೆಲ್ಲ.’

ಎದುರಿನ ಕ್ಷೌರದ ಪಂಡರಿ ಕತ್ತರಿ ಆಡಿಸುತ್ತಲೇ,
‘ಮೂರ್ರಿ. ದಿನಾ ಕನ್ನಡ್ಯಾಗ ನೋಡೀನಿ.’

ಪಕ್ಕದ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದ
ಜುಲೇಖಾಬೀ ಮೊರ ಕೆಳಗಿಟ್ಟಳು.
‘ಅವ್ನಿಗೇನ್ ಗೊತ್ತು. ಹುಟ್ಟಿದಾಕಿ ನಾ.
ನಾಕು. ಒಂದು ಮುಚ್ಚೇ ಇರ್ತಿತ್ತು,
ಅದ್ರಾಗ ಕಂದೀಲ ಇಡ್ತಿದ್ವಿ.’
ಮತ್ತೆ ಮೊರ ಎತ್ತಿಕೊಂಡಳು. ನಾಲ್ಕು ಕಲ್ಲು ಎಸೆದಳು.
‘ಗ್ವಾಡಿ ಮ್ಯಾಲ ಇನ್ನೊಂದು, ನಮ್ಮಣ್ಣ ಇದ್ದಲಿಲೆ ಬರ್ದಿದ್ದ.
ಮಳಿ ತೊಳದ್ರ ಮತ್ತ ಬರೀತಿದ್ದ.
ಅದನ್ನ ಹಿಡದ್ರ ಐದು.’

ಹಿಡಿಯಬೇಕೋ ಬೇಡವೋ,
ಮಾಸ್ತರ ಫೋನು ಹತ್ತಲಿಲ್ಲ.
ಹಳೆಯ ಓಣಿಯ ಕೊಳಕು, ಎಂದು ನಾನು ಓದಿದೆ.
ಹಳೆಯ ಓಣಿಯ ತಳಕು. ಹಳೆಯ ಓಣಿಯ ಬೆಳಕು.
ಮೂರೂ ನನಗೆ ಗೊತ್ತಿದ್ದ ಮಾತೇ.
ಒಂದನ್ನು ಆರಿಸು ಎಂದೆ.
ತ್ರಿವೇಣಿ ಪೆನ್ಸಿಲ್ಲು ಚೂಪು ಮಾಡಿ,
ಇರುವೆ ಬರೆದಂತೆ,
ಒಂದೇ ಮನೆಯೊಳಗೆ ಮೂವರು ಬಾಡಿಗೆದಾರರನ್ನು ಕೂಡಿಸಿದಳು.
ಜುಲೇಖಾಬೀ ಹಾಳೆ ಇಸಕೊಂಡು
ತಲೆಕೆಳಗೆ ಹಿಡಿದು ನೋಡಿ
‘ಇಕ್ಕಟ್ಟಾತು’ ಎಂದಳು.

ಸೋಮವಾರ, ಮಣಿಯಾರ್ ತಾಲೀಮಿನ ಬದಿ,
ಮೂರನೆಯ ಮನೆಯಾಕೆ ಬಾಗಿಲು ತೆರೆದು ಕಾದಳು.
‘ಕರೆಂಟ್ ಸಾಹೇಬ್ರ, ಮೀಟರ್ ಇಲ್ಲದ.
ಮ್ಯಾಲ ಏನ್ ನೋಡ್ಲತ್ತೀರಿ?’

ತಡೀರಿ ತಾಯಿ,
ಎರಡು ಆಗ್ಯಾವ.